ಸಂಗೀತದ ಕಪಾಟಿನಲ್ಲಿ ಚೋಮ

‘ಚೋಮನ ದುಡಿ’ಯನ್ನು ನಾನು ಸಂಗೀತದ ಕಪಾಟಿಗೆ ಸೇರಿಸಿದ್ದು 1983ರ ಆಟಿ ತಿಂಗಳಲ್ಲಿ. ದುಡಿ ಅಂದರೆ ವಾದ್ಯ, ವಾದ್ಯ ಅಂದರೆ ಸಂಗೀತ, ಸಂಗೀತ ಅಂದರೆ 780. ತರ್ಕದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಪುಸ್ತಕವನ್ನು ಬಿಡಿಸಿ ನೋಡಿರಲಿಲ್ಲ, ಅಷ್ಟೇ.

ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆದು, ಫಲಿತಾಂಶದ ಹೆಸರಿನಲ್ಲಿ ಚಾವಡಿಯಲ್ಲಿ ಮಲಗಿಕೊಂಡಿದ್ದ ಕಾಲ ಅದು. ಮಲಗಿದವನನ್ನು ದಾಟಿಕೊಂಡು ಓಡಾಡಿ ಸಾಕಾದ ಅಪ್ಪ, ಊರ ವಾಚನಾಲಯದ ಅಧ್ಯಕ್ಷರಾಗಿದ್ದ ನಿವೃತ್ತ ಹೆಡ್‌ಮಾಸ್ಟ್ರ ಕಿವಿಯಲ್ಲಿ ಒಂದು ಮಾತು ಹಾಕಿದರು. ಮರುದಿನವೇ ನನಗೆ ಕೆಲಸ ಸಿಕ್ಕಿತು. ತಿಂಗಳಿಗೆ 150 ರೂಪಾಯಿ, ಸಂಜೆ ಒಂದು ಚಾ. ಊರು ಪುತ್ತೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ವಾಚನಾಲಯವೆಂದರೆ ಹೆಂಚಿನ ಮಾಡಿನ ಎರಡು ಕೋಣೆ, ಏಳು ಕಪಾಟು, ಸಾವಿರದ ಚಿಲ್ಲರೆ ಪುಸ್ತಕ, ಮಳೆಗಾಲದಲ್ಲಿ ನಾಲ್ಕು ಬಕೆಟು.

ಪುಸ್ತಕಗಳು ಅದುವರೆಗೆ ಬಂದ ಕ್ರಮದಲ್ಲೇ ನಿಂತಿದ್ದವು. ಬೇಕಾದ ಪುಸ್ತಕ ಯಾವ ವರ್ಷ ಬಂದದ್ದು ಎಂದು ನೆನಪಿದ್ದವರಿಗೆ ಅದು ಸಿಗುತ್ತಿತ್ತು. ಅಷ್ಟು ನೆನಪಿದ್ದದ್ದು ಹೆಡ್‌ಮಾಸ್ಟ್ರೊಬ್ಬರಿಗೆ. ಅವರಿಗೂ ಎಪ್ಪತ್ತು ದಾಟಿತ್ತು. ಮಂಗಳೂರಿನ ಯಾವುದೋ ಗ್ರಂಥಾಲಯಕ್ಕೆ ಹೋಗಿ ಬಂದವರು ಸೈಕ್ಲೋಸ್ಟೈಲ್ ಮಾಡಿಸಿದ ಒಂದು ಹಾಳೆಯನ್ನು ನನ್ನ ಮುಂದೆ ಹರಡಿದರು. “ಇದು ಡ್ಯೂಯಿ ಅಂತ ಅಮೆರಿಕದವ ಮಾಡಿದ ವ್ಯವಸ್ಥೆ ಮಾರಾಯ. ಪ್ರಪಂಚದ ಜ್ಞಾನ ಎಷ್ಟುಂಟೋ ಅಷ್ಟೂ ಹತ್ತು ಡಬ್ಬಿಯಲ್ಲಿ ಮುಗಿಯಿತು.”

ಈ ಮೆಲ್ವಿಲ್ ಡ್ಯೂಯಿ ತನ್ನ ದಶಮಾಂಶ ವರ್ಗೀಕರಣವನ್ನು ಅಚ್ಚು ಹಾಕಿಸಿದ್ದು 1876ರಲ್ಲಿ. ಆಗ ಅವನ ವಯಸ್ಸು ಬರೀ ಇಪ್ಪತ್ನಾಲ್ಕು, ಪುಸ್ತಕ 44 ಪುಟದ ಒಂದು ಚೋಪಡಿ. ಕಾಗುಣಿತದಲ್ಲಿ ಹೆಚ್ಚಿನ ಅಕ್ಷರ ಕಂಡರೆ ಅವನಿಗೆ ಆಗುತ್ತಿರಲಿಲ್ಲವಂತೆ. ಹೆತ್ತವರು ಇಟ್ಟ ಹೆಸರಿನ ಬಾಲದಿಂದಲೂ ಎರಡು ಅಕ್ಷರ ಕತ್ತರಿಸಿಕೊಂಡ. ಅಂಥವನಿಗೆ ಜ್ಞಾನವನ್ನು ಹತ್ತಕ್ಕೆ ಇಳಿಸುವುದು ಏನು ಮಹಾ! ತತ್ತ್ವಶಾಸ್ತ್ರ ನೂರು, ಧರ್ಮ ಇನ್ನೂರು, ವಿಜ್ಞಾನ ಐನೂರು, ತಂತ್ರಜ್ಞಾನ ಆರುನೂರು. ಸಾಹಿತ್ಯಕ್ಕೆ ಎಂಟುನೂರು, ಅದರೊಳಗೆ ನಮ್ಮ ಕನ್ನಡಕ್ಕೆ ಸಿಕ್ಕಿದ್ದು 894.814. ಇಂಗ್ಲಿಷಿಗೆ ಮನೆಯ ಪಡಸಾಲೆ, ನಮಗೆ ಹಿತ್ತಿಲ ಕೊಟ್ಟಿಗೆಯ ಮೂರನೆಯ ಕಂಬ. ಅದಿರಲಿ.

“ಒಳಗೆ ಎಂತ ಉಂಟೆಂದು ನೋಡಿ ನಂಬ್ರ ಹಾಕು” ಎಂದಿದ್ದರು ಹೆಡ್‌ಮಾಸ್ಟ್ರು. ನಾನು ಹೊರಗೆ ಎಂತ ಉಂಟೆಂದು ನೋಡಿದೆ. ಸಾವಿರ ಪುಸ್ತಕದ ಬೆನ್ನಿಗೆ ನಾಲ್ಕೇ ದಿನದಲ್ಲಿ ಚೀಟಿ ಅಂಟಿಸಿ ಮುಗಿಸಿದೆ. ‘ಮರಳಿ ಮಣ್ಣಿಗೆ’ ಕೃಷಿಗೆ ಹೋಯಿತು, ಮಣ್ಣು ತಾನೇ. ‘ಬೆಟ್ಟದ ಜೀವ’ವನ್ನು ಪ್ರಾಣಿಶಾಸ್ತ್ರಕ್ಕೆ ಹಾಕುವುದೋ ಬೇಡವೋ ಎಂದು ತುಸು ಹೊತ್ತು ಯೋಚಿಸಿ, ಮುಖಪುಟದಲ್ಲಿ ಅಡಕೆ ಮರದಂಥದ್ದೇನೋ ಕಂಡಂತಾಗಿ ಅದನ್ನೂ ಕೃಷಿಗೇ ದೂಡಿದೆ. ‘ಕುಡಿಯರ ಕೂಸು’ ಶಿಶುಪಾಲನೆ. ‘ಮೂಕಜ್ಜಿಯ ಕನಸುಗಳು’ ಮತ್ತು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎರಡೂ ಮನಶ್ಶಾಸ್ತ್ರ, 150.

ಅವೆಲ್ಲ ಒಬ್ಬರದೇ ಪುಸ್ತಕಗಳೆಂದು ನನಗೆ ಹೊಳೆಯಲೇ ಇಲ್ಲ. ಬೆನ್ನಿನ ಮೇಲೆ ಕೋಟ ಶಿವರಾಮ ಕಾರಂತ ಎಂದು ಇದ್ದೇ ಇತ್ತು. ಆದರೆ ಹಕ್ಕಿಗಳ ಪುಸ್ತಕದ ಮೇಲೂ, ಅರ್ಥಕೋಶದ ಮೇಲೂ, ಪ್ರವಾಸಕಥನದ ಮೇಲೂ ಅದೇ ಹೆಸರು ಬರುತ್ತಿದ್ದುದರಿಂದ ಕಣ್ಣಿಗೆ ಅದು ಲೇಖಕನ ಹೆಸರಾಗಿ ಕಾಣದೆ ಕಂಪೆನಿಯ ಮಾರ್ಕಿನ ಹಾಗೆ ಕಾಣತೊಡಗಿತ್ತು.

ಐದನೆಯ ದಿನ ಹೆಡ್‌ಮಾಸ್ಟ್ರು ಬಂದರು. ಕೊಡೆ ಮಡಚಿ ಮೂಲೆಗಿಟ್ಟು ಒಂದೊಂದೇ ಕಪಾಟಿನ ಮುಂದೆ ನಿಂತು ನೋಡಿದರು. ಸಂಗೀತದ ಕಪಾಟಿನಿಂದ ಚೋಮನನ್ನು ಎಳೆದು ತೆಗೆದು, ನನ್ನನ್ನೂ ಅದನ್ನೂ ಎರಡು ಸಲ ನೋಡಿದರು. ಬೈಯುತ್ತಾರೆಂದುಕೊಂಡರೆ ಅವರು ನಗತೊಡಗಿದರು. ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ನಗು. ಆಮೇಲೆ ಶಿಕ್ಷೆ ಹೇಳಿದರು. ಕಾರಂತರ ಪುಸ್ತಕ ಎಷ್ಟಿದ್ದಾವೋ ಅಷ್ಟನ್ನೂ ಓದಬೇಕು, ಓದಿ ಒಂದೊಂದಕ್ಕೂ ಸರಿಯಾದ ನಂಬ್ರ ಹಾಕಬೇಕು. “ಓದದೆ ಅಂಟಿಸಿದ ಚೀಟಿಯನ್ನು ಓದಿಯೇ ಕೀಳಬೇಕು, ಗೊತ್ತಾಯಿತಾ?”

ನಮ್ಮಲ್ಲಿದ್ದದ್ದು ನಲವತ್ತೆರಡು. ಬಕೆಟಿಗೆ ನೀರು ತೊಟ್ಟಿಕ್ಕುವ ಸದ್ದಿನಲ್ಲಿ ಓದು ಶುರುವಾಯಿತು. ಓದುತ್ತ ಹೋದ ಹಾಗೆ ಚೀಟಿ ಕೀಳಲು ಕೈ ಬರಲಿಲ್ಲ.

ಚೋಮನನ್ನೇ ನೋಡಿ. 1933ರಲ್ಲಿ ಬಂದ ಕಾದಂಬರಿ. ಒಂದು ತುಂಡು ನೆಲ ಉಳಬೇಕೆಂಬ ಆಸೆ ಹೊತ್ತು, ಅದು ಸಿಗದೆ, ದುಡಿ ಬಾರಿಸುತ್ತಲೇ ಸಾಯುವ ಮನುಷ್ಯನ ಕಥೆ. ಹಾಗಾದರೆ ಅದು 780 ಅಲ್ಲವೇ ಅಲ್ಲ ಎಂದು ಹೇಳುವುದು ಹೇಗೆ? ಅವನ ಸಿಟ್ಟು, ಸೋಲು ಎಲ್ಲ ಹೊರಬರುವುದು ಆ ಚರ್ಮದ ಮೇಲೆಯೇ. ‘ಮರಳಿ ಮಣ್ಣಿಗೆ’ಯಲ್ಲಿ ಕರಾವಳಿಯ ಒಂದು ಮನೆತನದ ಮೂರು ತಲೆಮಾರು ಇದ್ದಾವೆ, ಅದರ ಜೊತೆಗೆ ಕಡಲು, ಮಳೆ, ಗದ್ದೆ ಎಷ್ಟು ಕಟುವಾಗಿ ಇದ್ದಾವೆಂದರೆ ಹೆಂಗಸರ ಬೆನ್ನುನೋವು ಓದುವವನ ಬೆನ್ನಿಗೆ ಬರುತ್ತದೆ. ‘ಕುಡಿಯರ ಕೂಸು’ ಶಿಶುಪಾಲನೆಯಂತೂ ಅಲ್ಲ, ಪಶ್ಚಿಮ ಘಟ್ಟದ ಕಾಡಿನಲ್ಲಿ ಬಾಳುವ ಕುಡಿಯರ ಬದುಕು. ಮಾನವಶಾಸ್ತ್ರದವರು ತಮ್ಮದೆಂದು ಎತ್ತಿಕೊಂಡು ಹೋದರೆ ತಡೆಯುವವರಿಲ್ಲ. ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಅವರ ಆತ್ಮಕಥೆ. ನ್ಯಾಯವಾಗಿ 920ಕ್ಕೆ ಹೋಗಬೇಕು. ಆದರೆ ಆ ಹೆಸರನ್ನೊಮ್ಮೆ ನೋಡಿ: ಡ್ಯೂಯಿಗೂ ಹತ್ತು, ಕಾರಂತರಿಗೂ ಹತ್ತು. ಅವನು ಜಗತ್ತನ್ನು ಹತ್ತು ಡಬ್ಬಿ ಮಾಡಿದ; ಇವರು ಹತ್ತು ಡಬ್ಬಿಯ ಮುಚ್ಚಳವನ್ನೂ ತೆಗೆದು ಕೈ ಹಾಕಿದರು.

ಸೊನ್ನೆಯಿಂದ ಶುರುಮಾಡಿದರೆ 030, ವಿಶ್ವಕೋಶಗಳ ಜಾಗ. 1936ರಲ್ಲಿ ಮಕ್ಕಳಿಗೆಂದು ಅವರು ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. ಇದರ ಒಂದು ಸಂಪುಟ ನನ್ನ ಅಜ್ಜನ ಮನೆಯ ಅಟ್ಟದಲ್ಲಿತ್ತು, ಎರಡನೆಯದು ಮಾತ್ರ. ಒಂದು ಮತ್ತು ಮೂರನ್ನು ಯಾರೋ ಓದಿ ಕೊಡುತ್ತೇವೆಂದು ಒಯ್ದಿದ್ದರಂತೆ. ಹಾಗಾಗಿ ನನ್ನ ಬಾಲ್ಯದ ಪ್ರಪಂಚಕ್ಕೆ ಆದಿಯೂ ಇರಲಿಲ್ಲ, ಅಂತ್ಯವೂ ಇರಲಿಲ್ಲ. ಇಲಿ ತಿಂದ ಅಂಚಿನ ಆ ಪುಟಗಳ ಚಿತ್ರಗಳನ್ನು ನೋಡುತ್ತ ಅಟ್ಟದ ಕತ್ತಲಲ್ಲಿ ಕಳೆದ ಮಧ್ಯಾಹ್ನಗಳು, ಬರೆದವರು ಯಾರೆಂದು ಆಗ ಕೇಳಿದವನಲ್ಲ. ಒಬ್ಬ ಮನುಷ್ಯ ಅದನ್ನೆಲ್ಲ ತಾನೇ ಕಲಿತು, ಕನ್ನಡದಲ್ಲಿ ಇಲ್ಲದ ಮಾತುಗಳನ್ನು ತಾನೇ ಹೊಂದಿಸಿಕೊಂಡು ಬರೆದಿದ್ದ. ಅದೂ ಸಾಲದೆಂದು 1959ರಿಂದ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಬರೆದವರು ವಿಜ್ಞಾನದ ಪದವೀಧರರಲ್ಲ, ಯಾವ ಪದವೀಧರರೂ ಅಲ್ಲ. ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಮಂಗಳೂರಿನ ಸರಕಾರಿ ಕಾಲೇಜಿನಿಂದ ಎದ್ದುಬಂದವರು.

ಆ ಕಾಲೇಜಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಗ್ರಂಥಾಲಯ ಶಾಸ್ತ್ರದ ನಮ್ಮ ಪಿತಾಮಹ ಎಸ್.ಆರ್. ರಂಗನಾಥನ್ 1917ರಿಂದ ಕೆಲಕಾಲ ಅಲ್ಲಿಯೇ ಗಣಿತದ ಮೇಷ್ಟ್ರು. ಆಮೇಲೆ ಅವರು ಮದರಾಸಿಗೆ ಹೋಗಿ ಗ್ರಂಥಪಾಲಕರಾದರು, ಓದಲು ಲಂಡನ್ನಿಗೆ ಹೋದರು, ಅಲ್ಲೊಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಎಂಬ ಮಕ್ಕಳ ಆಟಿಕೆ ನೋಡಿದರು. ಅವೇ ತುಂಡುಗಳು, ಅವೇ ತಿರುಪುಗಳು. ಬೇಕಾದ ಹಾಗೆ ಜೋಡಿಸಿದರೆ ಸೇತುವೆ, ಬಿಚ್ಚಿ ಜೋಡಿಸಿದರೆ ಬಂಡಿ. ಪುಸ್ತಕವನ್ನೂ ಸಿದ್ಧ ಡಬ್ಬಿಗೆ ತುರುಕದೆ, ಅದರ ವಿಷಯದ ತುಂಡುಗಳನ್ನು ಹೀಗೆಯೇ ಜೋಡಿಸಿ ನಂಬ್ರ ಕಟ್ಟಬಹುದಲ್ಲ ಎನಿಸಿತು. 1933ರಲ್ಲಿ, ಚೋಮ ಹುಟ್ಟಿದ ವರ್ಷವೇ, ಅವರ ಕೋಲನ್ ವರ್ಗೀಕರಣ ಹೊರಬಂತು. ಹೆಡ್‌ಮಾಸ್ಟ್ರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. “ಅದು ಗಣಿತದವರಿಗೆ. ನಮಗೆ ಡ್ಯೂಯಿ ಸಾಕು” ಎಂದಿದ್ದರು. ಕಾರಂತರ ಪುಸ್ತಕಗಳೊಂದಿಗೆ ಮೂರು ತಿಂಗಳು ಗುದ್ದಾಡಿದ ಮೇಲೆ ನನಗೇನೋ ಮೆಕ್ಯಾನೋ ಡಬ್ಬಿಯೇ ಬೇಕಿತ್ತು.

ಪತ್ರಿಕೆಗಳ 070ಯಲ್ಲೂ ಅವರಿಗೊಂದು ಜಾಗ ಸಲ್ಲಬೇಕು. ಇಪ್ಪತ್ತರ ಹರೆಯದಲ್ಲೇ ‘ವಸಂತ’ ಎಂಬ ಪತ್ರಿಕೆ ನಡೆಸಿದರು. ಆ ದಿನಗಳ ‘ವಿಚಿತ್ರಕೂಟ’ ಒಂದು ಪತ್ತೇದಾರಿ ಕಾದಂಬರಿ. ಮುಂದೆ ಮೂಕಜ್ಜಿಯ ಬಾಯಲ್ಲಿ ದೇವರುಗಳ ಜಾತಕ ಬಿಡಿಸಿದವರು ಶುರುಮಾಡಿದ್ದು ಕಳ್ಳರ ಜಾಡು ಹಿಡಿದು! ಪತ್ರಿಕೆ ನಿಂತರೂ ಪತ್ರಿಕೆಗೆ ಬರೆಯುವುದು ನಿಲ್ಲಲಿಲ್ಲ. ಅಲ್ಲಲ್ಲಿ ಚೆದುರಿದ್ದ ಅವರ ಬರಹಗಳನ್ನು ಮಾಲಿನಿ ಮಲ್ಯ ಹೆಕ್ಕಿ ಕೂಡಿಸಿದಾಗ ಎಂಟು ಸಂಪುಟಗಳಾದವು.

ಕವಿತೆಯಲ್ಲಿ ಮಾತ್ರ ಅವರು ತೀರ ತೆಳ್ಳಗೆ. ‘ರಾಷ್ಟ್ರಗೀತ ಸುಧಾಕರ’ ಎಂಬ ಎಳೆಯ ಪ್ರಾಯದ ಪುಸ್ತಕ, ಬಹುಕಾಲದ ಮೇಲೆ ‘ಸೀಳ್ಗವನಗಳು’. ಅವರ ಅಭಿಮಾನಿಗಳು ಮುನಿಸಿಕೊಂಡರೂ ಸರಿ, ಕಾರಂತರು ಕವಿಯಲ್ಲ. ಅವರ ವಾಕ್ಯಕ್ಕೆ ಕುಣಿಯುವ ಕಾಲಿಲ್ಲ, ಗದ್ದೆಯ ಅಂಚಿನಲ್ಲಿ ನಡೆಯುವ ಕಾಲು ಇದೆ. ಆದರೆ ಅವರು ನಿಜವಾಗಿ ಕಾಲಿಗೆ ಗೆಜ್ಜೆ ಕಟ್ಟಿದವರು. ಯಕ್ಷಗಾನದಿಂದ ಮಾತು ತೆಗೆದು, ವಯೊಲಿನ್ನು, ಸ್ಯಾಕ್ಸೊಫೋನು ತಂದಿಟ್ಟು ಸಂಪ್ರದಾಯದವರಿಂದ ಬೈಸಿಕೊಂಡವರು. ಅವರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ಕ್ಕೆ. ಹಾಗಾದರೆ 790. ನನ್ನ 780ರಿಂದ ಬರೀ ಹತ್ತು ಹೆಜ್ಜೆ ದೂರ.

ತಂತ್ರಜ್ಞಾನದ ಕಪಾಟಿನಲ್ಲಿ ಇಡಬೇಕಾದದ್ದು ಪುಸ್ತಕಕ್ಕಿಂತ ಮನುಷ್ಯನನ್ನೇ. 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ತೆಗೆದರು. ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯ ಕಟ್ಟಿಕೊಂಡು ಪುಸ್ತಕ ತಾವೇ ಹೊರತಂದರು. ಫಿಲ್ಮು, ಅಚ್ಚಿನ ಮೊಳೆ, ಕುಂಚ, ಯಾವುದನ್ನೂ ಬೇರೆಯವರ ಕೆಲಸವೆಂದು ಬಿಟ್ಟುಕೊಟ್ಟವರಲ್ಲ.

ಅವರ ಒಂದೂ ಪುಸ್ತಕವಿಲ್ಲದೆ ಉಳಿದದ್ದು ನಮ್ಮ ವಾಚನಾಲಯದ 200, ಧರ್ಮದ ಕಪಾಟು. ದೇವರನ್ನು ಒಪ್ಪಿಕೊಂಡವರಲ್ಲವಾದ್ದರಿಂದ ಅದು ಸರಿಯೇ ಎಂದು ಮೊದಲು ಅಂದುಕೊಂಡೆ. ‘ಮೂಕಜ್ಜಿಯ ಕನಸುಗಳು’ ಓದಿ ಮುಗಿದ ಮೇಲೆ ಅನುಮಾನ ಬಂತು. 1968ರ ಈ ಕಾದಂಬರಿಗೆ 1977ರಲ್ಲಿ ಜ್ಞಾನಪೀಠ ಬಂತು. ಅಶ್ವತ್ಥದ ಕಟ್ಟೆಯಲ್ಲಿ ಕುಳಿತ ಮುದುಕಿಯೊಬ್ಬಳು ಮನುಷ್ಯ ದೇವರನ್ನು ಮಾಡಿಕೊಂಡ ಬಗೆಯನ್ನು ಹೇಳುತ್ತ ಹೋಗುವ ಪುಸ್ತಕವನ್ನು 200ರಲ್ಲಿ ಇಡದೆ ಇನ್ನೆಲ್ಲಿ ಇಡುವುದು? ಕೇಳಿದ್ದಕ್ಕೆ ಹೆಡ್‌ಮಾಸ್ಟ್ರು, “ಇಟ್ಟು ನೋಡು. ಸಪ್ತಾಹಕ್ಕೆ ಪುಸ್ತಕ ಹುಡುಕಿ ಬಂದವರು ಒಯ್ದರೆ ನಾನು ಜವಾಬ್ದಾರನಲ್ಲ” ಎಂದರು. ಇಡಲಿಲ್ಲ.

ಹಾಗೆಂದು ಎಲ್ಲ ಚೀಟಿಯೂ ನಾನು ಸರಿಪಡಿಸುವ ತನಕ ಕಾಯಲಿಲ್ಲ. ಆಟಿಯ ಮಳೆಯಲ್ಲೇ ಒಬ್ಬರು ಅಡಕೆ ತೋಟದ ಭಟ್ಟರು ಗೊರಬು ಸೂಡಿಕೊಂಡು ಬಂದಿದ್ದರು. “ಕೊಳೆರೋಗಕ್ಕೆ ಎಂತಾದರೂ ಪುಸ್ತಕ ಉಂಟಾ?” ಕೃಷಿಯ ಕಪಾಟು ತೋರಿಸಿದೆ. ರೋಗದ ಪುಸ್ತಕ ಇರಲಿಲ್ಲ. ಭಟ್ಟರು ‘ಬೆಟ್ಟದ ಜೀವ’ ತೆಗೆದು ನಡುವಿನ ಒಂದು ಪುಟ ಬಿಡಿಸಿ ನಿಂತಲ್ಲೇ ಓದಿದರು. ತೋಟದ ಸುದ್ದಿ ಕಂಡಿರಬೇಕು. ಒಯ್ದರು. ಹದಿನೈದು ದಿನದ ಗಡುವು ಮೀರಿ ದೀಪಾವಳಿ ಬಂದರೂ ಪುಸ್ತಕ ಬರಲಿಲ್ಲ.

ಬಂದದ್ದು ತುಳಸಿಪೂಜೆಯ ಹೊತ್ತಿಗೆ. ದಂಡವೆಂದು ಒಂದು ರೂಪಾಯಿಯನ್ನು ಮೇಜಿನ ಮೇಲಿಟ್ಟು ಭಟ್ಟರು ಕೇಳಿದರು: “ಈ ಗೋಪಾಲಯ್ಯನ ತೋಟ ಎಲ್ಲಿ ಬರುತ್ತದೆ? ಒಮ್ಮೆ ನೋಡಬೇಕಿತ್ತು.”

ದಾರಿ ತಪ್ಪಿದ ಪ್ರಯಾಣಿಕನೊಬ್ಬ ತಾನೇ ಹೇಳಿಕೊಂಡ ಹಾಗೆ ಇರುವ ಕಥೆ. ಸುಬ್ರಹ್ಮಣ್ಯದ ಕಾಡಿನಲ್ಲಿ ಹುಲಿ, ಆನೆಗಳ ನಡುವೆ ಅಡಕೆ ಬೆಳೆಸಿ, ಮಗ ಬಿಟ್ಟುಹೋದರೂ ತೋಟ ಬಿಡದ ಗೋಪಾಲಯ್ಯ, ಅವರ ಶಂಕರಮ್ಮ. ಅದು ಕಾದಂಬರಿ, ಕಟ್ಟಿದ ಕಥೆ ಎಂದು ನಾನು ಹೇಳಬೇಕಿತ್ತು. ಬೆನ್ನಿನ ಮೇಲೆ 630 ಎಂದು ನನ್ನದೇ ಕೈಬರಹದ ಚೀಟಿ ಇತ್ತಲ್ಲ, ನಾಲಗೆ ಏಳಲಿಲ್ಲ. “ಸುಬ್ರಹ್ಮಣ್ಯದ ಕಡೆ” ಎಂದುಬಿಟ್ಟೆ.

ಷಷ್ಠಿ ಕಳೆದು ನಾಲ್ಕು ದಿನಕ್ಕೆ ಭಟ್ಟರು ಮತ್ತೆ ಬಂದರು. ನನಗೆ ಬ್ಯಾಂಕಿನ ಆರ್ಡರು ಬಂದು, ಅದೇ ವಾರದಲ್ಲಿ ಕೆಲಸ ಬಿಡುವವನಿದ್ದೆ. ಹೇಗೂ ದೇವಸ್ಥಾನಕ್ಕೆ ಹೋದವರು ಅಲ್ಲಿಂದ ಒಳದಾರಿ ಹಿಡಿದು ಎರಡು ದಿನ ಸುತ್ತಾಡಿ ಬಂದರಂತೆ.

“ಗೋಪಾಲಯ್ಯ ತೀರಿಕೊಂಡಿರಬೇಕು, ಯಾರಿಗೂ ನೆನಪಿಲ್ಲ” ಎಂದರು ಭಟ್ಟರು. “ಆದರೆ ಅಂಥದ್ದೇ ತೋಟ ಎರಡು ನೋಡಿದೆ. ಆ ಪುಸ್ತಕ ಇನ್ನೊಮ್ಮೆ ಕೊಡಿ ನೋಡುವ.”