ತಿನ್ನಬಾರದ ಬಟಾಣಿ

ಮಾರ್ಚ್ ಕೊನೆಯ ಒಂದು ಭಾನುವಾರ. ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸ್‌ನ ನೆಲಮಹಡಿಯ ಮನೆ. ಮಗ ಹಾಲು ತರಲು ಹೋಗಿ ಬರುವಷ್ಟರಲ್ಲಿ ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತು ಅರ್ಧ ತಟ್ಟೆ ಕಾಳು ಸುಲಿದಿಟ್ಟಿದ್ದಳು.

"ಬಟಾಣಿ ಬಲತು ಹೊಂಟಿದ್ವು, ಯಾರೂ ಹರದಿರಲಿಲ್ಲ. ಮಧ್ಯಾಹ್ನಕ್ಕ ಪಲ್ಯಾ ಮಾಡ್ತೀನಿ" ಅಂದಳು.

ಮಗ ತಟ್ಟೆ ಕಸಿದುಕೊಂಡ. ಕಾಳೆಲ್ಲ ನೆಲಕ್ಕೆ ಚೆಲ್ಲಿದವು. "ನಂಜು ಅದು" ಎಂದು ಕೂಗಿದ ದನಿ ಮೇಲಿನ ಮನೆಗೂ ಕೇಳಿಸಿತು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ ಮಾತು: "ನಂಜಿನ ಗಿಡಾನ ದಿನಾ ನೀರು ಹಾಕಿ ಯಾಕ ಬೆಳಸ್ತಿ?"

ಕೇಳಬೇಕಾದ ಪ್ರಶ್ನೆಯೇ. ಅವನು ಬೆಳೆಸುತ್ತಿದ್ದದ್ದು ಸ್ವೀಟ್ ಪೀ. ಕೆಲಸಕ್ಕೆ ಸೇರಿ ದಿಲ್ಲಿಗೆ ಬಂದ ವರ್ಷ ಫೆಬ್ರವರಿಯಲ್ಲಿ ರಾಷ್ಟ್ರಪತಿ ಭವನದ ತೋಟ ನೋಡಲು ಹೋದವನು ಈ ಹೂವಿನ ಘಮಕ್ಕೆ ಸೋತಿದ್ದ. ಕಿತ್ತಳೆ ಹೂವು, ಜೇನು ಎರಡನ್ನೂ ಕಲಸಿದಂಥ ಘಮ. ಅಂದಿನಿಂದ ಪ್ರತಿ ಅಕ್ಟೋಬರ್‌ನಲ್ಲಿ ಬೀಜ ಹಾಕುತ್ತಾನೆ. ಸಿಪ್ಪೆ ಗಟ್ಟಿ, ನೀರು ಬೇಗ ಒಳಗಿಳಿಯುವುದಿಲ್ಲ. ನೇಲ್ ಕಟರಿನಿಂದ, ಬೀಜದ ಕಣ್ಣು ಬಿಟ್ಟು ಇನ್ನೊಂದು ಬದಿಗೆ, ಸಣ್ಣಗೆ ಚಿವುಟಬೇಕು. ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಮುರಿದರೆ ಬುಡದಿಂದ ಕವಲೊಡೆಯುತ್ತದೆ. ಹಬ್ಬಲು ಹಳೆಯ ಬ್ಯಾಡ್ಮಿಂಟನ್ ನೆಟ್. ಜನವರಿಯ ಮಂಜಿನಲ್ಲಿ ಗಿಡ ಹಟ ಹಿಡಿದಂತೆ ನಿಂತುಬಿಡುತ್ತದೆ, ಬಿಸಿಲು ತುಸು ಏರಿದರೆ ಎರಡೇ ವಾರದಲ್ಲಿ ನೆಟ್ ಮುಚ್ಚುವಷ್ಟು ಹೂವು.

ಹೂ ಬಿಟ್ಟ ಮೇಲೆ ನಿಜವಾದ ಕೆಲಸ ಶುರು. ದಿನ ಬಿಟ್ಟು ದಿನ ಎಲ್ಲ ಹೂವನ್ನೂ ಕೊಯ್ಯಬೇಕು. ಗಿಡಕ್ಕೆ ಬೇಕಾದದ್ದು ಬೀಜ, ನಮಗೆ ಬೇಕಾದದ್ದು ಹೂವು. ನಾಲ್ಕು ಕಾಯಿ ಬಲಿತವೋ, ತನ್ನ ಕೆಲಸ ಮುಗಿಯಿತೆಂದು ಗಿಡ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಕೊಯ್ಯುತ್ತಲೇ ಇದ್ದರೆ ಪಾಪ, ಮತ್ತೆ ಮತ್ತೆ ಬಿಡುತ್ತದೆ. ಈ ಮೋಸ ಬೇಡವೆಂದು ಮೂಲೆಯ ಒಂದು ಗಿಡವನ್ನು ಮಾತ್ರ ಬೀಜಕ್ಕೆಂದು ಬಿಟ್ಟಿದ್ದ. ಅವ್ವ ಸುಲಿದದ್ದು ಅದರ ಕಾಯಿಗಳನ್ನೇ. ಅವನು ಕೂಗಿದ್ದು ಅವ್ವನ ಜೀವಕ್ಕೆ ಹೆದರಿಯೋ, ಮುಂದಿನ ವರ್ಷದ ಬೀಜ ಹೋಯಿತೆಂದೋ, ಕೇಳಿದರೆ ಅವನಿಗೂ ಹೇಳಲು ಬರಲಿಕ್ಕಿಲ್ಲ.

ತಪ್ಪು ಹೆಸರಿನದ್ದೂ ಹೌದು. ಇಂಗ್ಲಿಷಿನ 'ಸ್ವೀಟ್' ನಾಲಿಗೆಗೂ ಸಲ್ಲುತ್ತದೆ, ಮೂಗಿಗೂ ಸಲ್ಲುತ್ತದೆ. ಕನ್ನಡದ ಸಿಹಿ ಮೂಗಿನ ತನಕ ಹೋಗುವುದು ಅಪರೂಪ. ಇದನ್ನು 'ಸಿಹಿ ಬಟಾಣಿ' ಎಂದು ಅನುವಾದಿಸಿದರೆ ಓದಿದವರು ಒಲೆ ಹಚ್ಚುತ್ತಾರೆ. ಲ್ಯಾಟಿನ್ ಹೆಸರು ಹೆಚ್ಚು ಪ್ರಾಮಾಣಿಕ: ಲಾಥಿರಸ್ ಓಡೊರಾಟಸ್, ಅಂದರೆ ಘಮಘಮಿಸುವ ಲಾಥಿರಸ್. ಕುಪಾನಿ ಎಂಬ ಸನ್ಯಾಸಿ 1699ರಲ್ಲಿ ಸಿಸಿಲಿಯಿಂದ ಇಂಗ್ಲೆಂಡಿಗೆ ಬೀಜ ಕಳಿಸಿದಾಗ ಅದು ನೇರಳೆ ಬಣ್ಣದ ಸಣ್ಣ ಹೂವು, ಘಮ ಮಾತ್ರ ಬಲು ಜೋರು. 19ನೇ ಶತಮಾನದ ಕೊನೆಗೆ ವೆಮ್ ಎಂಬ ಪುಟ್ಟ ಊರಿನಲ್ಲಿ ಹೆನ್ರಿ ಎಕ್‌ಫರ್ಡ್ ತಳಿಮೇಲೆ ತಳಿ ಕೂಡಿಸಿ ಹೂವನ್ನು ದೊಡ್ಡದು ಮಾಡಿದ. ಆಮೇಲೆ ನೆರಿಗೆಯ ದೊಡ್ಡ ಹೂವುಗಳು ಬಂದವು. ಅವುಗಳಲ್ಲಿ ಎಷ್ಟೋ ಘಮ ಕಳೆದುಕೊಂಡವು.

ಲಾಥಿರಸ್ ಎಂಬ ಹೆಸರು ಅವ್ವನಿಗೆ ಏನೂ ಹೇಳಲಿಲ್ಲ. ಹೇಳಿದ್ದು ಮೇಲಿನ ಮನೆಯ ಬಿಹಾರದ ಅಜ್ಜಿ. ಕೂಗು ಕೇಳಿ ಇಳಿದು ಬಂದವಳು ನೆಲದ ಕಾಳು ನೋಡಿ, "ಖೇಸಾರಿ?" ಅಂದಳು. ಸ್ವೀಟ್ ಪೀಯ ದಾಯಾದಿ ಅದು. ಮಳೆಯಿಲ್ಲದೆ ಉಳಿದೆಲ್ಲ ಬೆಳೆ ಒಣಗಿದರೂ ಬದುಕುವ ಬೇಳೆ. ಬಡವರು ತಿಂಗಳುಗಟ್ಟಲೆ ಅದನ್ನೇ ತಿಂದು ಕಾಲು ಸೆಟೆದುಕೊಂಡು ಕುಂಟರಾದದ್ದುಂಟು. 1961ರಲ್ಲಿ ಅದರ ಮಾರಾಟವನ್ನು ನಿಷೇಧಿಸಿದ್ದು ಅದಕ್ಕೇ. ಸ್ವೀಟ್ ಪೀಯ ನಂಜು ಬೇರೆ ಬಗೆಯದು, ಮೂಳೆ ಕೀಲುಗಳ ಮೇಲೆ ಬೀಳುವಂಥದ್ದು. ಒಂದೆರಡು ಕಾಳು ಬಾಯಿಗೆ ಹೋದರೆ ಅನಾಹುತವಾಗಲಿಕ್ಕಿಲ್ಲ, ಆದರೆ ಪಲ್ಯ ಮಾಡುವ ವಸ್ತುವಲ್ಲ. ಆ ಅಜ್ಜಿಗೆ ಕನ್ನಡ ಬಾರದು, ಅವ್ವನಿಗೆ ಹಿಂದಿ ಬಾರದು. ಅಜ್ಜಿ ಒಂದು ಕೋಲು ಹಿಡಿದು, ಮೊಣಕಾಲು ಮಡಚಿ, ಕಾಲಿಗೆ ಕಾಲು ತೊಡರಿಸುತ್ತ ಹಿತ್ತಲಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ತನ್ನೂರಿನ ಯಾರನ್ನೋ ನೋಡಿದ್ದಳು, ಅಷ್ಟು ಕರಾರುವಾಕ್ಕಾಗಿತ್ತು ಆ ನಡಿಗೆ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

ಅಪ್ಪ ತೀರಿಕೊಂಡ ಮೇಲೆ ಹೊಲ ಲಾವಣಿಗೆ ಕೊಟ್ಟು, ಹಾವೇರಿ ಕಡೆಯ ಊರಿನಿಂದ ಅವಳನ್ನು ಕರೆತಂದು ಮೂರು ತಿಂಗಳಾಗಿತ್ತು. ಅಡುಗೆಗೆ ಆಳಿತ್ತು, ಮಾತಿಗೆ ಜನರಿರಲಿಲ್ಲ. ಯಾರೂ ಹೇಳದೆ, ತಾನೇ ಹುಡುಕಿಕೊಂಡು ಅವಳು ಮಾಡಿದ ಮೊದಲ ಕೆಲಸ ಆ ಕಾಯಿ ಸುಲಿದದ್ದು.

ಎರಡು ದಿನ ಅವಳು ಅಡುಗೆಮನೆಗೂ ಹೋಗಲಿಲ್ಲ. ಮೂರನೆಯ ದಿನ ಮಗ ಗಿಡದ ಹತ್ತಿರ ಕರೆದುಕೊಂಡು ಹೋಗಿ ಗುರುತು ತೋರಿಸಿದ: ಇದರ ದಂಟಿನ ಎರಡೂ ಬದಿಗೆ ರೆಕ್ಕೆಯಂಥ ಪಟ್ಟಿ, ಕಾಯಿಯ ಮೇಲೆ ಸಣ್ಣ ತುಪ್ಪಳ. ತಿನ್ನುವ ಬಟಾಣಿಯ ಕಾಯಿ ನುಣುಪು.

"ತುಪ್ಪಳ ಕೈಗೆ ಹತ್ತಿತ್ತು. ಈ ಊರಿನ ಬಟಾಣಿ ಹಿಂಗ ಇರ್ತಾವೇನೋ ಅಂದ್ಕೊಂಡೆ" ಅಂದಳು ಅವ್ವ.

ಮಗ ಅದಕ್ಕೆ ಏನೂ ಹೇಳಲಿಲ್ಲ. ಕತ್ತರಿ ಅವಳ ಕೈಗೆ ಕೊಟ್ಟ. ಉಳಿದ ದಿನಗಳ ಹೂವು ಕೊಯ್ದದ್ದೆಲ್ಲ ಅವ್ವನೇ. ಅರ್ಧ ಮೇಲಿನ ಮನೆಗೆ, ಅರ್ಧ ಶಿವನ ಫೋಟೋಕ್ಕೆ. ನಂಜಿನ ಹೂವು ದೇವರಿಗೆ ಆಗುತ್ತದೆಯೇ ಎಂದು ಸೊಸೆ ಕೇಳಿದ್ದಕ್ಕೆ, "ದತ್ತೂರಿ ಏರಸೂದಿಲ್ಲೇನು?" ಅಂದಳಂತೆ.

ಏಪ್ರಿಲ್ ಬಿಸಿಲಿಗೆ ಗಿಡ ಬುಡದಿಂದ ಹಳದಿಯಾಯಿತು. ನೆಟ್‌ನ ತುದಿಯಲ್ಲಿ ಅವ್ವನ ಕೈಗೆ ಎಟುಕದ ಏಳು ಕಾಯಿ ಉಳಿದಿದ್ದವು. ಒಣಗಿದಾಗ ತಿರುಚಿ ಚಟ್ಟೆಂದು ಸಿಡಿದು ಬೀಜ ಎಸೆಯುತ್ತವೆಂದು ಮಗ ಅವಕ್ಕೆ ತೆಳು ಬಟ್ಟೆ ಕಟ್ಟಿದ. ಊರಿಗೆ ಹೊರಡುವ ಹಿಂದಿನ ರಾತ್ರಿ ಅವ್ವ ಅರ್ಧ ಬೀಜ ಕೇಳಿದಳು. ಅಲ್ಲಿ ಇಷ್ಟು ಚಳಿ ಇರುವುದಿಲ್ಲ, ಹೂ ಬಿಡುವುದು ಅನುಮಾನ ಎಂದ. ಬಿಟ್ಟರೆ ಬಿಡಲಿ ಎಂದಳು. ಅವನು ಸಣ್ಣ ಬಾಟಲಿಗೆ ಬೀಜ ತುಂಬಿ ಚೀಟಿಯ ಮೇಲೆ 'ಸ್ವೀಟ್ ಪೀ' ಎಂದು ಬರೆದ. ಅವ್ವ ಕನ್ನಡಕ ಹಾಕಿಕೊಂಡು ಓದಿ, ಚೀಟಿ ವಾಪಸು ಕೊಟ್ಟಳು. ಅದರ ಕೆಳಗೆ, ದಪ್ಪ ಅಕ್ಷರದಲ್ಲಿ, 'ತಿನ್ನಬ್ಯಾಡ್ರಿ' ಎಂದು ಬರೆಸಿಕೊಂಡಳು.