ಹಗ್ಗ ಹಾರುತ್ತಾ ಹೇಳಿದ ಮಾತು

ಲಂಡನ್ನಿನ ಡಿವಿ8 ಫಿಸಿಕಲ್ ಥಿಯೇಟರ್ ತಂಡದ ‘ಟು ಬಿ ಸ್ಟ್ರೈಟ್ ವಿತ್ ಯು’ (2007) ಪ್ರಯೋಗದ ಒಂದು ದೃಶ್ಯ ತಲೆಯಿಂದ ಇಳಿಯುತ್ತಲೇ ಇಲ್ಲ. ತಾನು ಸಲಿಂಗಿ ಎಂದು ಮನೆಯಲ್ಲಿ ಹೇಳಿಕೊಂಡು, ಮನೆಯವರಿಂದಲೇ ಚೂರಿ ಇರಿತಕ್ಕೊಳಗಾದ ಹದಿಹರೆಯದ ಹುಡುಗನ ಮಾತುಗಳು. ನಟ ಅಂಕುರ್ ಬಹಲ್ ಅವನ್ನು ಹೇಳುವುದು ಸ್ಕಿಪ್ಪಿಂಗ್ ಹಗ್ಗ ಹಾರುತ್ತಾ!

ಹಾರುವವನಿಗೆ ಗದ್ಗದಿತನಾಗಲು ಪುರುಸೊತ್ತಿರುವುದಿಲ್ಲ. ಉಸಿರು ಹಗ್ಗದ ಲಯಕ್ಕೆ ಸಿಕ್ಕಿಬಿದ್ದಿರುತ್ತದೆ. ವಾಕ್ಯ ಮುರಿಯುವುದು ದುಃಖದ ಅಭಿನಯದಿಂದಲ್ಲ, ನಿಜವಾದ ಏದುಸಿರಿನಿಂದ. ಹುಡುಗನ ಮಾತಿಗೆ ನಟ ತನ್ನ ಕಣ್ಣೀರನ್ನು ಬೆರೆಸದೆ, ತನ್ನ ದಣಿವನ್ನಷ್ಟೇ ಕೊಡುತ್ತಾನೆ. ನನಗೆ ಇದು ದೊಡ್ಡ ಗೌರವವಾಗಿ ಕಾಣುತ್ತದೆ.

ತಂಡದ ನಿರ್ದೇಶಕ ಲಾಯ್ಡ್ ನ್ಯೂಸನ್ ನಿಜವಾದ ಜನರನ್ನು ಸಂದರ್ಶಿಸಿ, ಅವರಾಡಿದ ಮಾತುಗಳನ್ನೇ ರಂಗಪಠ್ಯ ಮಾಡಿಕೊಂಡವರು. ‘ಕ್ಯಾನ್ ವಿ ಟಾಕ್ ಅಬೌಟ್ ದಿಸ್?’ (2011) ಪ್ರಯೋಗದಲ್ಲಿ ಬ್ರಿಟಿಷ್ ಸಂಸದೆಯಾಗಿದ್ದ ಆ್ಯನ್ ಕ್ರಯರ್ ಅವರ ಮಾತನ್ನು ನಟಿಯೊಬ್ಬಳು ಚಹಾ ಕಪ್ಪು ಹಿಡಿದು, ಇನ್ನೊಬ್ಬ ನರ್ತಕನ ಮೈಯನ್ನೇ ಆಸನ ಮಾಡಿಕೊಂಡು ಆಡುತ್ತಾಳೆ. ದನಿ ನೆಮ್ಮದಿಯದು, ಕೆಳಗಿನ ನೆಲೆ ಮಾತ್ರ ಸದಾ ಅಲುಗಾಡುವುದು. ಮಾತನ್ನು ಬರೀ ಅನುಕರಿಸುವ, ‘ನದಿ’ ಎಂದಾಗ ಕೈಯನ್ನು ಅಲೆಯಂತೆ ಆಡಿಸುವಂಥ ಚಲನೆ ಮಾತನ್ನು ಸಣ್ಣದು ಮಾಡುತ್ತದೆ. ಇಲ್ಲಿ ದೇಹ ಮಾತಿನ ಹಿಂದೆ ಓಡುವುದಿಲ್ಲ, ಎದುರು ನಿಲ್ಲುತ್ತದೆ.

ಒಂದು ಪ್ರಶ್ನೆ ಮಾತ್ರ ಕಾಡುತ್ತದೆ: ಸಂದರ್ಶನದಲ್ಲಿ ಆ ಮಾತುಗಳನ್ನಾಡಿದವರು ಪ್ರೇಕ್ಷಕರ ನಡುವೆ ಕೂತಿದ್ದರೆ, ಆ ಕುಣಿತದಲ್ಲಿ ತಮ್ಮನ್ನು ಗುರುತಿಸಿಕೊಳ್ಳುತ್ತಿದ್ದರೇ? ಇಂಥ ಪ್ರಯೋಗ ಕಟ್ಟಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಆ ಮಾತುಗಳನ್ನಾಡಿದವರನ್ನು ತಾಲೀಮಿಗೆ ಕರೆಯುತ್ತೀರಾ?