ಕಾಣದ ಊರಿನ ಬಾಡಿಗೆ ಮನೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿರುವ ಆ ಮೈಸೂರಿನ ದಂಪತಿಗೆ ಮಗಳ ಕಾಲೇಜಿನದೇ ಚಿಂತೆ. ಅದಕ್ಕೆಂದು ಕೂಡಿಟ್ಟ ಹಣ ಬ್ಯಾಂಕಿನಲ್ಲಿದೆ. ಆ ದುಬಾರಿ ಊರಿನಲ್ಲಿ ಇನ್ನೊಂದು ಮನೆ ಕೊಂಡು ಬಾಡಿಗೆಗೆ ಕೊಡುವುದು ಕನಸಿನ ಮಾತು. ಆಗ ಕಣ್ಣಿಗೆ ಬಿದ್ದದ್ದು ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನ ಒಂದು ಮನೆ. 2,000 ಮೈಲಿಗೂ ಹೆಚ್ಚು ದೂರ. ಬೆಲೆ 1,20,000 ಡಾಲರ್, ತಿಂಗಳ ಬಾಡಿಗೆ 1,200.

ಇಂಥದನ್ನು ಅಲ್ಲಿ ‘ಟರ್ನ್‌ಕೀ’ ಎನ್ನುತ್ತಾರೆ. ಕಂಪನಿಯೊಂದು ಹಳೆಯ ಮನೆ ಕೊಂಡು, ರಿಪೇರಿ ಮಾಡಿಸಿ, ಬಾಡಿಗೆದಾರರನ್ನೂ ಕೂರಿಸಿ ಮಾರುತ್ತದೆ. ಆಮೇಲೆ ಬಾಡಿಗೆ ವಸೂಲಿಯೂ ಅದರದೇ. ಕೊಂಡವರು ಬೀಗದ ಕೈಯನ್ನು ಮುಟ್ಟಬೇಕಾಗಿಯೂ ಇಲ್ಲ!

ಕಂಪನಿಯ ಲೆಕ್ಕ ಚೆನ್ನಾಗಿಯೇ ಇತ್ತು. 24,000 ಕೈಯಿಂದ, 96,000 ಸಾಲ. ಶೇ 7ರ ಬಡ್ಡಿಗೆ 30 ವರ್ಷದ ಕಂತು ತಿಂಗಳಿಗೆ ಸುಮಾರು 639. ತೆರಿಗೆ, ವಿಮೆಗೆ 300. ಉಳಿಯುವುದು 261. ಅಪ್ಪ ಹಿಗ್ಗಿದರು.

ಹನ್ನೆರಡನೇ ತರಗತಿಯ ಮಗಳು ಪೆನ್ಸಿಲ್ ಹಿಡಿದಳು. ಮನೆ ನೋಡಿಕೊಳ್ಳಲು ಕಂಪನಿಗೆ ಬಾಡಿಗೆಯ ಶೇ 10, ಅಂದರೆ 120. ಅದು ಸಣ್ಣ ಅಕ್ಷರದಲ್ಲಿತ್ತು. ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬಿದ್ದರೆ ತಿಂಗಳಿಗೆ ಇನ್ನೊಂದು 100. ಉಳಿದದ್ದು 40 ಚಿಲ್ಲರೆ.

“ರಿಪೇರಿಗೆ ಎಷ್ಟು ಇಟ್ಟಿದ್ದೀರಪ್ಪಾ?”

ಅಪ್ಪ ಸುಮ್ಮನಾದರು. ಹಿಮ ಬೀಳುವ ಊರು. ಮನೆ ಬೆಚ್ಚಗಿಡುವ ಫರ್ನೇಸ್ ಒಂದು ಕೈಕೊಟ್ಟರೆ ಸಾವಿರಾರು ಡಾಲರ್.

ಮೈಸೂರಿನಲ್ಲಿ ಅವರ ತಂದೆಗೂ ಒಂದು ವಠಾರವಿತ್ತು. ತಿಂಗಳ ಐದನೇ ತಾರೀಖು ಖುದ್ದಾಗಿ ಹೋಗುತ್ತಿದ್ದರು. ನಲ್ಲಿ ಸೋರುವುದು, ಹೆಂಚು ಜಾರಿರುವುದು, ಯಾರ ಮಗುವಿಗೆ ಜ್ವರ ಎಂಬುದು, ಎಲ್ಲ ಒಂದೇ ಸುತ್ತಿನಲ್ಲಿ ತಿಳಿಯುತ್ತಿತ್ತು. ಇಲ್ಲಿ ಮಾರುವವರೂ ರಿಪೇರಿಯವರೂ ಕಾಯುವವರೂ ಒಬ್ಬರೇ. ಹುಳುಕು ಹೇಳುವವರು ಯಾರು?

ಕಂಪನಿಗೆ ಸಂಬಂಧಪಡದ ಒಬ್ಬ ತಪಾಸಣೆಗಾರನಿಗೆ ದುಡ್ಡು ಕೊಟ್ಟು ಮನೆ ತೋರಿಸಿದರು. ಅಡುಗೆಮನೆ ಥಳಥಳ. ಬೀದಿಗೆ ಹೋಗುವ ಚರಂಡಿ ಪೈಪಿನೊಳಗೆ ಮಾತ್ರ ಮರದ ಬೇರು. ಜೊತೆಗೆ, ಮನೆ ನೂರು ವರ್ಷದಷ್ಟು ಹಳೆಯದು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದು ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಳೆಯ ಬಾಡಿಗೆ ಮನೆಗಳಿಗೆ ಸೀಸದಿಂದ ಅಪಾಯವಿಲ್ಲವೆಂಬ ಪ್ರಮಾಣಪತ್ರ ಬೇಕೆಂದು ಕ್ಲೀವ್‌ಲ್ಯಾಂಡ್ 2019ರಲ್ಲಿ ಕಾನೂನು ಮಾಡಿತು. ಸೀಸದ ಧೂಳು ಎಳೆಯ ಮಕ್ಕಳ ಮಿದುಳಿಗೇ ಕುತ್ತು.

“ಆ ಮನೆಯಲ್ಲಿ ಮಕ್ಕಳಿದ್ದಾರಾ?” ಎಂದು ಅಮ್ಮ ಕೇಳಿದರು. ಇದ್ದರು, ಇಬ್ಬರು. ಚಿಕ್ಕದಕ್ಕೆ ಎರಡು ವರ್ಷ.

ಪ್ರಮಾಣಪತ್ರ ಕೇಳಿದ್ದಕ್ಕೆ ಕಂಪನಿ ಬೆಲೆಯಲ್ಲಿ 5,000 ಇಳಿಸಿತು. “ಬೆಲೆ ಆಮೇಲೆ, ಕಾಗದ ಮೊದಲು ಕಳಿಸಿ” ಎಂದು ಅಪ್ಪ ಬರೆದರು. ಕಾಗದ ಇನ್ನೂ ಬಂದಿಲ್ಲ. ಮಗಳು ಅಷ್ಟರಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೂತಿದ್ದಾಳೆ.